ಸವತಿ ರೈಲು

ಗಂಡ ತೀರಿಕೊಳ್ಳುವ ಹಿಂದಿನ ದಿನವೂ ಕೆಂಪಾಜಮ್ಮನಿಗೆ ಹೊಟ್ಟೆ ಉರಿದಿತ್ತು. ರೈಲೇ ಬಾರದ ಕೊಳ್ಳೇಗಾಲದಲ್ಲಿ ಪುಟ್ಟಸಿದ್ದಯ್ಯ ಹಲಗೆಯ ಮೇಲೆ ಥರ್ಮಾಕೋಲಿನ ಸ್ಟೇಷನ್ ಕಟ್ಟಿ, ಗೇಣುದ್ದದ ಆಟದ ರೈಲು ಓಡಿಸುತ್ತಿದ್ದ. ಅವತ್ತೂ ಅದರ ವಿಡಿಯೋ ತೆಗೆದು, ಇಂಥದೇ ಹುಚ್ಚಿನವರ ವಾಟ್ಸಾಪ್ ಗುಂಪಿಗೆ ಹಾಕಿ, "ನೋಡ್ರಪ್ಪಾ, ನಮ್ಮೋಳು ತಿರುವ್ನಲ್ಲೂ ಬೀಳ್ದೆ ಓಡ್ತವ್ಳೆ!" ಎಂದ.

ನಮ್ಮೋಳಂತೆ! ಮೂವತ್ತು ವರ್ಷ ಬಾಳಿದವಳಿಗೆ 'ಲೇ' ಬಿಟ್ಟರೆ ಬೇರೆ ಹೆಸರಿರಲಿಲ್ಲ.

"ಅವ್ಳ ಕೈಲೇ ಮುದ್ದೆ ಮಾಡುಸ್ಕೊ," ಎಂದಳು.

"ಲೇ, ವಸಿ ದೊಡ್ಡೋಳಾಗ್ಲಿ, ಮಾಡ್ತಾಳೆ," ಎಂದು ನಕ್ಕ.

ಮರುದಿನ ಎದೆನೋವು ಬಂದು ಹೋಗಿಬಿಟ್ಟ.

ಹನ್ನೊಂದನೇ ದಿನದ ತಿಥಿ ಮುಗಿದ ಮೇಲೆ ಆ ಗುಂಪಿನ ಗೆಳೆಯ, ಯಳಂದೂರಿನ ಮಾದು ಬಂದ.

"ಅಕ್ಕಾ, ನಮ್ಮೋಳ್ನ ನಾನು ತಕಂಡೋಯ್ತೀನಿ. ಇಲ್ಲಿ ಯಾರು ನೋಡ್ಕತಾರೆ?"

"ನಿಂಗೆ ಯಾವ ನಮ್ಮೋಳ್ಲಾ ಅವ್ಳು? ನನ್ನ ಸವತಿ. ನನ್ನ ಮನೇಲೇ ಬಿದ್ದಿರ್ಲಿ. ಎಂಗೆ ನೋಡ್ಕೊಬೇಕು, ಅದ್ನ ಮಾತ್ರ ಏಳ್ಕೊಡು."

ಕಂಬಿಗೆ ಕೊಳೆ ಕಟ್ಟಿದರೆ ಕರೆಂಟು ಹತ್ತದೆ ರೈಲು ನಿಂತುಬಿಡುತ್ತದೆ, ದಿನಾ ಸ್ಪಿರಿಟ್ಟಿನಲ್ಲಿ ಒರೆಸಬೇಕು ಎಂದು ಮಾದು ಹೇಳಿಕೊಟ್ಟು ಹೋದ.

ಈಗ ಬೆಳಗ್ಗೆ ಒಲೆ ಹಚ್ಚುವ ಮೊದಲು ಕೆಂಪಾಜಮ್ಮ, "ಜರುಗೇ ಅತ್ಲಾಗೆ," ಎಂದು ಎಂಜಿನ್ನನ್ನು ಎತ್ತಿ ಪಕ್ಕಕ್ಕಿಟ್ಟು, ಸ್ಪಿರಿಟ್ಟಿನ ಬಟ್ಟೆಯಿಂದ ಕಂಬಿ ಒರೆಸುತ್ತಾಳೆ.