ತುಂಬದ ಗುಳಿಗೆ ಏನು ಮಾಡಬೇಕು

ನಮ್ಮ ಫೋನಿನ ಗುಂಪಿನಲ್ಲಿ ಎಲ್ಲರ ಬಾಯಿ ಬಿಡಿಸಿದ ಆ ಪ್ರಶ್ನೆಯನ್ನು ಕೇಳಿದ್ದು ನಾನೇ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಗೌರಿಬಿದನೂರಿನ ಗೆಳೆಯ, "ನೀನಲ್ಲ ಕಣೋ, ನಾನು" ಅನ್ನುತ್ತಾನೆ. ಈ ನಡುವೆ ನಾನು ಫೋನು ಬದಲಾಯಿಸಿದೆ, ಹಳೆಯ ಸಂದೇಶಗಳು ಹೋದವು. ಅವನ ಫೋನಿನಲ್ಲಿ ಹುಡುಕಿದರೆ ಸಿಗುತ್ತದೆ. ಯಾಕೋ ಇಬ್ಬರೂ ಹುಡುಕಿಲ್ಲ. ಆದ್ದರಿಂದ ಇಲ್ಲಿ ಬರೆಯುವುದನ್ನು ನಾನೇ ಪೂರ್ತಿ ನಂಬುತ್ತಿಲ್ಲ.

ಗುಂಪು ಶುರುಮಾಡಿದ್ದು ನಾವಿಬ್ಬರು. ಮೇಜಿನ ಮೇಲೋ ಚಾಪೆಯ ಮೇಲೋ ಕೂತು ಆಡುವ ಯಾವ ಆಟವಾದರೂ ಸರಿ, ಫೋನಿನಲ್ಲೇ ಅದರ ಬಗ್ಗೆ ಮಾತಾಡೋಣ ಅಂತ. ಚಿಂತಾಮಣಿ, ಶಿಡ್ಲಘಟ್ಟದ ಕಡೆಯವರೂ ಸೇರಿದರು. ಬೆಂಗಳೂರಿನಿಂದ ಡಬ್ಬದ ಆಟ ಕೊಂಡು ತರುವವರಿದ್ದರು. ಸ್ಕಂದಗಿರಿಯ ತಪ್ಪಲಿನ ಬಂಡೆಯ ಮೇಲೆ ಯಾರೋ ಕೆತ್ತಿದ ಆಡುಹುಲಿಯ ಗೆರೆಗಳ ಫೋಟೊ ಹಾಕುವವರಿದ್ದರು. ಆದರೆ ಮಾತು ಎಲ್ಲಿಂದ ಶುರುವಾದರೂ ಹೋಗಿ ನಿಲ್ಲುತ್ತಿದ್ದುದು ಚೌಕಾಬಾರದ ಒಂದೇ ಜಗಳಕ್ಕೆ: ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಹೋಗಬಹುದೇ?

ಚಿಂತಾಮಣಿಯ ನಿವೃತ್ತ ಮೇಷ್ಟ್ರೊಬ್ಬರು ಇದರಲ್ಲಿ ಬಹಳ ಕಟ್ಟುನಿಟ್ಟು. "ಹೊಡೀದೆ ಒಳಗೆ ಹೋಗೋದು ಟಿಕೆಟ್ ಇಲ್ದೆ ಬಸ್ ಹತ್ತಿದಂಗಪ್ಪ" ಎಂದು ಬರೆದರು.

"ಈಗ ಹೆಂಗಸ್ರಿಗೆ ಫ್ರೀ ಅಲ್ವಾ ಮೇಷ್ಟ್ರೇ" ಎಂದು ಯಾರೋ ಉತ್ತರ ಕೊಟ್ಟರು. ಆ ದಿನವೆಲ್ಲ ಅದೇ ನಡೆಯಿತು.

ಆ ಗಲಾಟೆಯ ನಡುವೆಯೇ ಸಾದಲಿ ಕಡೆಯ ಒಬ್ಬ ಹೆಣ್ಣುಮಗಳು ಬರೆದದ್ದು. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಮೊದಲು ತಿನ್ನದೆ ತಲೆಯೆತ್ತಿಕೊಂಡು ಸುಮ್ಮನಿರುವಾಗ, ಸೊಪ್ಪು ಹಾಕುವಂತಿಲ್ಲ. ಆ ಮನೆಯವರಿಗೆ ಬಿಡುವು ಅಂತ ಸಿಗುವುದು ಆಗಲೇ. ಹಿಂದೆ ಆ ಬಿಡುವಿನಲ್ಲಿ ಅವರ ಅತ್ತೆ ತಮ್ಮ ತಂಗಿಯರ ಜೊತೆ ಅಳಗುಳಿಮಣೆ ಆಡುತ್ತಿದ್ದರಂತೆ. ಈಗ ತಂಗಿಯರಿಲ್ಲ. ಸೊಸೆ ಮಣೆ ತಂದಿಟ್ಟು ಹುಣಸೆಬೀಜ ಹಾಕಿದರೆ, ಅತ್ತೆ ಒಂದು ಸುತ್ತು ಆಡಿ, "ಮುಂದಕ್ಕೆ ಮರ್ತೋಗಿದೆ ಕಣಮ್ಮ" ಎಂದು ಎದ್ದುಬಿಡುತ್ತಾರೆ. ಸೊಸೆಯ ಪ್ರಶ್ನೆ ಇಷ್ಟೇ: ಸೋತವರ ಹತ್ತಿರ ಬೀಜ ಕಡಿಮೆ ಇರುತ್ತದೆ, ಎರಡನೇ ಸುತ್ತಿಗೆ ಅವರ ಎಲ್ಲ ಗುಳಿ ತುಂಬುವುದಿಲ್ಲ. ತುಂಬದ ಗುಳಿಗೆ ಏನು ಮಾಡಬೇಕು? "ಅತ್ತೆ ಜೊತೆ ಒಂದ್ಸಲ ಪೂರ್ತಿ ಆಡ್ಬೇಕು ಸಾರ್, ಅಷ್ಟೇ ಆಸೆ."

ಮೇಷ್ಟ್ರು ತಕ್ಷಣ ಇಂಟರ್‌ನೆಟ್ಟಿನಿಂದ ಸರಿಯಾದ ನಿಯಮ ತಂದು ಹಾಕಿದರು. ಅದರ ಪ್ರಕಾರ ಒಂದು ಸುತ್ತಿಗೇ ಆಟ ಮುಗಿಯುತ್ತದೆ, ಬೀಜ ಹೆಚ್ಚಿದ್ದವರು ಗೆದ್ದಂತೆ. ಎಲ್ಲರೂ ಹೆಬ್ಬೆರಳು ಎತ್ತಿ ಚೌಕಾಬಾರಕ್ಕೆ ಮರಳಿದೆವು. ನಾನೂ ಎತ್ತಿದೆ ಅಂತ ನೆನಪು.

ಮುಂದಿನ ಜ್ವರದ ಹೊತ್ತಿಗೆ ಆಕೆ ಬರೆದರು: "ಇಷ್ಟು ಬೇಗ ಮುಗಿಯೋ ಆಟ ನಮ್ದಲ್ಲ ಅಂತ ಅತ್ತೆ ಮಣೆ ಎತ್ತಿಟ್ರು. ಇನ್ನು ಬಿಡಿ ಸಾರ್." ಆ ಕೊನೆಯ ಮಾತು ನನ್ನನ್ನು ಬಿಡಲಿಲ್ಲ.

ಮಾತು ಒಂದೇ ಕಡೆ ಹರಿಯುವುದನ್ನು ತಪ್ಪಿಸಬೇಕು ಎಂದು ನಾನು ವಾರದ ವೇಳಾಪಟ್ಟಿ ಮಾಡಿದೆ. ಸೋಮವಾರ ಡಬ್ಬದ ಆಟ, ಮಂಗಳವಾರ ಆಡುಹುಲಿ, ಗುರುವಾರ ಅಳಗುಳಿಮಣೆ, ಚೌಕಾಬಾರ ಭಾನುವಾರ ಮಾತ್ರ. ಗುಂಪು ಮಲಗಿಬಿಟ್ಟಿತು. ಗುರುವಾರ ಸಾದಲಿಯಿಂದ ಒಂದು ಅಕ್ಷರವೂ ಬರಲಿಲ್ಲ. ಆಕೆಗೆ ಆಸಕ್ತಿ ಹೋಯಿತು ಅಂದುಕೊಂಡೆ.

ಗೆಳೆಯ ಫೋನು ಮಾಡಿದ. "ಏನಪ್ಪಾ ಹೆಡ್‌ಮಾಸ್ಟ್ರೇ, ಯಾವ ಪೀರಿಯಡ್ಡು ಈಗ?"

"ಆಕೇನೇ ಬರಲಿಲ್ವಲ್ಲೋ."

"ಹುಳ ಗುರುವಾರ ನೋಡ್ಕೊಂಡು ಜ್ವರಕ್ಕೆ ಕೂರುತ್ವಾ? ಎದ್ದು ಸೊಪ್ಪು ತಿಂತಾ ಇರ್ತವೆ. ಆ ಯಮ್ಮ ತೋಟದಲ್ಲಿರ್ತಾಳೆ."

ರೇಷ್ಮೆಯ ಊರಾದ ಶಿಡ್ಲಘಟ್ಟದ ಪಕ್ಕದಲ್ಲೇ ಬೆಳೆದ ನನಗೆ ಇದು ಹೊಳೆಯದಿದ್ದದ್ದು ಹೇಗೆ ಎಂದು ಈಗಲೂ ಯೋಚಿಸುತ್ತೇನೆ. ವೇಳಾಪಟ್ಟಿ ತೆಗೆದೆ. ಆಮೇಲೆ ಇಬ್ಬರೂ ಫೋನಿನಲ್ಲೇ ತಲೆ ಕೆಡಿಸಿಕೊಂಡೆವು: ನಿಯಮ ಏನು ಅಂತ ಕೇಳಿದರೆ ಒಬ್ಬರು ಉತ್ತರ ಕೊಡುತ್ತಾರೆ, ಉಳಿದವರು ಬಾಯಿ ಮುಚ್ಚುತ್ತಾರೆ. ಹಾಗಿದ್ದರೆ ಬೇರೆ ಏನು ಕೇಳಬೇಕು? ನಮ್ಮಿಬ್ಬರಲ್ಲಿ ಒಬ್ಬರು ಗುಂಪಿನಲ್ಲಿ ಬರೆದದ್ದು ಇದು: "ಅಳಗುಳಿಮಣೆ ಆಡುವಾಗ ನಿಮ್ಮ ಮನೆಯಲ್ಲಿ ಯಾತಕ್ಕೆ ಜಗಳ ಆಗುತ್ತಿತ್ತು?"

ನಿಯಮ ಕೇಳಿದಾಗ ಸುಮ್ಮನಿದ್ದವರೆಲ್ಲ ಬಂದರು. ಬೀಜ ಬಾಯಲ್ಲಿ ಬಚ್ಚಿಟ್ಟುಕೊಂಡ ಅಜ್ಜಿಯರು, ಮುನಿಸಿಕೊಂಡು ಊಟ ಬಿಟ್ಟ ಅತ್ತಿಗೆಯರು. ಡಬ್ಬದ ಆಟದವರು ಕೂಡ ತಮ್ಮ ತಮ್ಮ ಮನೆಯವರನ್ನು ಕೇಳಿಕೊಂಡು ಬಂದು ಬರೆದರು. ಆ ನಡುವೆ ಮೇಷ್ಟ್ರ ಫೋನಿನಿಂದ ಒಂದು ಧ್ವನಿ ಸಂದೇಶ. ಮಾತಾಡಿದ್ದು ಅವರ ಹೆಂಡತಿ.

"ಈಯನಕೇಮಿ ತೆಲುಸು, ಇವ್ರಿಗೇನ್ ಗೊತ್ತು. ಇವ್ರು ಯಾವತ್ತು ಮಣೆ ಮುಂದೆ ಕೂತಿದ್ರು? ತುಂಬದ ಗುಳಿಗೆ ಕಡ್ಡಿ ಇಡೋದು. ಅದನ್ನ ದಾಟ್ಕೊಂಡು ಆಡೋದು. ನಮ್ಮಕ್ಕ ಸೋತ್ರೆ, ಯಾರೂ ನೋಡ್ದಾಗ ಕಡ್ಡಿ ಎತ್ತಿ ಸೆರಗಲ್ಲಿ ಹಾಕ್ಕೊಂಬಿಡೋಳು. ಅದಕ್ಕೇ ನಮ್ಮಮ್ಮ, ಪಾಪ, ಸೋತೋಳೇ ಮೊದ್ಲು ಆಡ್ಲಿ ಅನ್ನೋಳು."

ಹಿಂದಿನಿಂದ ಮೇಷ್ಟ್ರು "ಸಾಕು ಕೊಡೇ ಫೋನು" ಅನ್ನುವುದೂ ಅದರಲ್ಲಿ ಕೇಳಿಸುತ್ತಿತ್ತು.

ಆ ಧ್ವನಿಯನ್ನು ಸೊಸೆ ಅತ್ತೆಗೆ ಕೇಳಿಸಿದರಂತೆ. ಅದು ನಾನು ಕಂಡದ್ದಲ್ಲ. ಸಾದಲಿಯನ್ನು ನಾನು ಬಸ್ಸಿನ ಕಿಟಕಿಯಿಂದಷ್ಟೇ ನೋಡಿದವನು. ಆದರೂ ಆ ಮನೆಯ ಪಡಸಾಲೆ, ಬಾಗಿಲ ಪಕ್ಕ ಒರಗಿಸಿದ ಹುಳು ಸಾಕುವ ತಟ್ಟೆಗಳು, ಫೋನನ್ನು ಕಿವಿಗಿಟ್ಟುಕೊಂಡ ಮುದುಕಿ ನನಗೆ ಸ್ಪಷ್ಟವಾಗಿ ಕಾಣುತ್ತಾರೆ. ಅದರಲ್ಲಿ ಸೊಸೆ ಬರೆದದ್ದೆಷ್ಟು, ನಾನು ಸೇರಿಸಿದ್ದೆಷ್ಟು ಬೇರೆ ಮಾಡಲಾರೆ. ಉತ್ತರವಾಗಿ ಬಂದ ಧ್ವನಿ ಮಾತ್ರ ಖಂಡಿತ ಅತ್ತೆಯದೇ, ಅದನ್ನು ಎಲ್ಲರೂ ಕೇಳಿದ್ದೇವೆ.

"ಯಾರಮ್ಮ ನೀನು ಚಿಂತಾಮಣಿಯೋಳು? ಕಡ್ಡಿ ಇಡೋದು ಸರಿ. ಸೋತೋಳು ಮೊದ್ಲು ಆಡೋದಾ? ಎಲ್ಲಾದ್ರೂ ಉಂಟಾ? ಗೆದ್ದೋಳೇ ಮೊದ್ಲು. ಕಡ್ಡಿ ಗುಳೀಲಿ ಬೀಜ ಬಿದ್ರೆ ಆಟ ಕೆಟ್ಟಂಗೆ. ಸೋತೋಳು ತಿರುಗಿ ಗೆದ್ಕೊಂಡ್ರೆ ಕಡ್ಡಿ ತೆಗೀಬೋದು. ಒಂದು ಗುಳೀನೂ ತುಂಬಕ್ಕಾಗಲ್ಲ ಅನ್ನೋವರ್ಗೂ ಆಡ್ಬೇಕು."

ಮರೆತುಹೋಗಿದೆ ಅಂದಿದ್ದವರು ಇಷ್ಟನ್ನು ಎಲ್ಲಿಂದ ತೆಗೆದರು? ನಿಜಕ್ಕೂ ಮರೆತಿದ್ದು, ಯಾರೋ ತಪ್ಪು ಹೇಳಿದ್ದರಿಂದ ನೆನಪಾಯಿತೇ? ಅಥವಾ ತಂಗಿಯರು ಹೋದ ಮೇಲೆ ಎದುರು ಮಾತಾಡುವವರಿಲ್ಲದೆ ಬೇಸರವಾಗಿತ್ತೇ? ಸೊಸೆ ಅತ್ತೆಗೆ ಎದುರು ಮಾತಾಡುವವರಲ್ಲ. ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಆಗಿಲ್ಲ.

ಮೊದಲು ಆಡುವುದು ಗೆದ್ದವರೋ ಸೋತವರೋ ಎಂಬುದು ಗುಂಪಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಚಿಂತಾಮಣಿಯಿಂದ ಒಂದು ಧ್ವನಿ ಬರುತ್ತದೆ, ಹುಳು ಜ್ವರಕ್ಕೆ ಕೂತಾಗ ಸಾದಲಿಯಿಂದ ಉತ್ತರ ಬರುತ್ತದೆ. ನಡುವೆ ಎಷ್ಟು ದಿನ ಕಳೆದರೂ ಮೇಷ್ಟ್ರ ಹೆಂಡತಿ ಕಾಯುತ್ತಾರೆ. ಜಗಳದ ಪ್ರಶ್ನೆ ಯಾರದೆಂದು ಫೋನಿನಲ್ಲಿ ಹುಡುಕಿ ತೋರಿಸಲಾ ಎಂದು ಮೊನ್ನೆ ಗೆಳೆಯ ಕೇಳಿದ. ಇರಲಿ ಬಿಡು ಅಂದೆ.

ಅದೇ ಹೊತ್ತಿಗೆ ಸಾದಲಿಯಿಂದ ಒಂದು ಫೋಟೊ ಬಂತು. ಮಣೆಯ ಒಂದು ಸಾಲಿನ ತುಂಬ ಬೀಜ, ಎದುರು ಸಾಲಿನ ಪ್ರತಿ ಗುಳಿಯಲ್ಲೂ ಹಿಪ್ಪುನೇರಳೆ ಕಡ್ಡಿಯ ಚೂರು. ಕೆಳಗೆ ಸೊಸೆ ಬರೆದಿದ್ದರು: "ಪೂರ್ತಿ ಆಡಿದ್ವಿ ಸಾರ್. ಕಡ್ಡಿ ಇರೋ ಸಾಲು ನಂದು. ಹುಳ ಏಳ್ತಾ ಇವೆ, ಸೊಪ್ಪಿಗೆ ಹೋಗ್ತೀನಿ."