ಬಸ್ ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ದೊಡ್ಡಮ್ಮ

ನಮ್ಮ ಪುರಸಭೆಯ ಸಭಾಂಗಣದಲ್ಲಿ ಮಹಿಳಾ ಸದಸ್ಯರ ಕುರ್ಚಿಗಳ ಹಿಂದೆ ಇನ್ನೊಂದು ಸಾಲು ಕುರ್ಚಿ ಇರುತ್ತಿತ್ತು. ಅದು ಗಂಡಂದಿರಿಗೆ. ಪ್ರಶ್ನೆ ಮುಂದಿನ ಸಾಲಿಗೆ ಹೋಗುತ್ತಿತ್ತು, ಉತ್ತರ ಹಿಂದಿನ ಸಾಲಿನಿಂದ ಬರುತ್ತಿತ್ತು. ಗೆದ್ದು ಬಂದ ಮೊದಲ ದಿನವೇ ನನ್ನ ಹಿಂದಿದ್ದ ಕುರ್ಚಿಯನ್ನು ನಾನೇ ಎತ್ತಿ ಬಾಗಿಲಾಚೆ ಇಟ್ಟೆ. ನಮ್ಮೆಜಮಾನರು ಡೈರಿಗೆ ಹಾಲಿನ ವ್ಯಾನು ಓಡಿಸುತ್ತಾರೆ; ಆ ಕುರ್ಚಿ ಅವರಿಗೂ ಬೇಕಿರಲಿಲ್ಲ. ಸಹಿಗೆ ಕಾಗದ ಬಂದಾಗ "ಇಟ್ಟು ಹೋಗಿ, ಓದಿ ಹಾಕ್ತೀನಿ" ಅಂದೆ.

"ಬಿ.ಎ. ಮೇಡಂ ಓದ್ತಾರಂತೆ ಕಣ್ರಪ್ಪಾ, ಇನ್ನೊಂದ್ ರೌಂಡ್ ಟೀ ಹೇಳಿ" ಅಂತ ಹಿಂದಿನ ಸಾಲಿನಿಂದ ಯಾರೋ ನಕ್ಕರು.

ನಗಲಿ ಬಿಡು ಅಂದುಕೊಂಡೆ. ಅವತ್ತಿನಿಂದ ಇವತ್ತಿನವರೆಗೆ ಓದದ ಕಾಗದಕ್ಕೆ ನಾನು ಸಹಿ ಹಾಕಿಲ್ಲ. ಈಗ ಬರೆಯಲು ಹೊರಟಿರುವ ವಿಷಯದಲ್ಲಿ ನನಗಿರುವ ಕಷ್ಟವೂ ಅದೇ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅಮ್ಮ ರೇಷ್ಮೆ ಬಿಚ್ಚುವ ಘಟಕದಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ಕೂತು ಗೂಡಿನ ಎಳೆ ಹುಡುಕುತ್ತಿದ್ದಳು. ಅವಳ ಪಕ್ಕದ ತೊಟ್ಟಿ ದೊಡ್ಡಮ್ಮನದು. ದೊಡ್ಡಮ್ಮ ಅಂದರೆ ರಕ್ತಸಂಬಂಧ ಅಲ್ಲ, ಗೋಡೆಯ ಸಂಬಂಧ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನನ್ನ ಪಿಯುಸಿ ಮುಗಿದಾಗ ಅಪ್ಪ ಕಾಲೇಜಿನ ಆಫೀಸಿಗೆ ಬರಲು ಹೆದರಿದ. "ಅಲ್ಲಿ ಏನ್ ಕೇಳ್ತಾರೋ, ನಂಗೇನ್ ಗೊತ್ತಾಗುತ್ತೆ" ಅಂದ. ಆಗ ದೊಡ್ಡಮ್ಮನ ಗಂಡ, ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ ದೊಡ್ಡಪ್ಪ, ಒಗೆದ ಬಿಳಿ ಅಂಗಿ ಹಾಕಿಕೊಂಡು ನನ್ನನ್ನು ಚಿಂತಾಮಣಿಗೆ ಕರೆದುಕೊಂಡು ಹೋದರು. ಗುಮಾಸ್ತ "ನೀವು ಹುಡುಗಿಗೆ ಏನಾಗ್ಬೇಕು?" ಅಂದಾಗ, "ಪಕ್ಕದ್ಮನೆಯೋನು ಸ್ವಾಮಿ. ಬುದ್ಧಿವಂತೆ ಹುಡುಗಿ, ಸೀಟು ಕೊಟ್ರೆ ನಿಮ್ಗೇ ಹೆಸ್ರು" ಅಂದರು. ಅವರಿಗೆ ಓದಲು ಬರುತ್ತಿರಲಿಲ್ಲ. ಕಚೇರಿ ಅಂದರೆ ಹೆದರಿಕೆಯೂ ಇರಲಿಲ್ಲ.

ಸದಸ್ಯೆಯಾದ ಎರಡನೇ ವರ್ಷ, ಕಸ ಹಾಕಿದವರಿಗೆ ದಂಡ ಹಾಕುವ ಕೆಲಸದ ಮೇಲ್ವಿಚಾರಣೆ ನನ್ನ ಪಾಲಿಗೆ ಬಂತು. ಊರಾಚೆ ಇದ್ದ ಸಣ್ಣ ಗಾರ್ಮೆಂಟ್ಸ್ ದೊಡ್ಡದಾಗುವುದಿತ್ತು. ಹಣ ಹಾಕುವವರು ಬೆಂಗಳೂರಿನಿಂದ ಜಾಗ ನೋಡಲು ಬರುತ್ತಾರೆ, ಬರುವ ದಾರಿ ಕೆರೆ ಏರಿ, ಮೂಗು ಮುಚ್ಚಿಕೊಂಡು ಬಂದವರು ಮೂಗು ಮುಚ್ಚಿಕೊಂಡೇ ವಾಪಸ್ ಹೋಗುತ್ತಾರೆ ಅಂತ ಅಧ್ಯಕ್ಷರು ಹೇಳಿದರು. ನನಗೂ ಸರಿ ಅನಿಸಿತು. ನಮ್ಮ ವಾರ್ಡಿನ ಹೆಂಗಸರು ಬಿಸಿನೀರು ಬಿಟ್ಟು ಫ್ಯಾನಿನ ಕೆಳಗೆ, ಹೊಲಿಗೆ ಯಂತ್ರದ ಮುಂದೆ ಕೂರಬೇಕು ಅನ್ನುವುದು ನನ್ನ ಆಸೆಯಾಗಿತ್ತು. ಅಮ್ಮನ ಬೆಂದ ಬೆರಳು ನೋಡಿ ಬೆಳೆದವಳು ನಾನು.

ಏರಿ ಮೇಲೆ ಕ್ಯಾಮೆರಾ ಹಾಕಿಸಿದೆವು. ಕಸ ಸುರಿದವರಿಗೆ ದಂಡ, ಜೊತೆಗೆ ಬಸ್ ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ಅವರ ಫೋಟೋ. ಫ್ಲೆಕ್ಸಿನ ಉಪಾಯ ನನ್ನದೇ. "ದಂಡ ಕಟ್ಟಿ ಮರೀತಾರೆ, ಮರ್ಯಾದೆ ಹೋದ್ರೆ ಮರೆಯಲ್ಲ" ಅಂದಿದ್ದೆ. ಎಲ್ಲರೂ ಮೇಜು ತಟ್ಟಿದರು. ಫ್ಲೆಕ್ಸಿನ ಮೇಲಿನ ಸಾಲು ಬರೆದುಕೊಟ್ಟವಳೂ ನಾನೇ: "ನಮ್ಮೂರಿನ ಮಾನ ಕಳೆದವರು ಇವರು."

ಆರೋಗ್ಯ ನಿರೀಕ್ಷಕರು ಮೊದಲ ಸಲದ ಫೋಟೋಗಳನ್ನು ತಂದು ಮೇಜಿನ ಮೇಲೆ ಹರಡಿದರು. ಯಾವುದು ಹಾಕಬೇಕು, ಯಾವುದು ಬಿಡಬೇಕು ಅಂತ ನೋಡಿ ಒಪ್ಪಿಗೆ ಕೊಡುವುದು ನನ್ನ ಕೆಲಸ. ಒಂದು ಫೋಟೋದ ಮೇಲೆ ಅವರ ಬೆರಳು ನಿಂತಿತು. "ಮೇಡಂ, ಇದೊಂದು ನೋಡಿ."

ಟ್ರಾಕ್ಟರು. ಅದೇ ಗಾರ್ಮೆಂಟ್ಸಿನದು. ಚಿಂದಿ ಬಟ್ಟೆಯ ಮೂಟೆ, ಪ್ಲಾಸ್ಟಿಕ್ಕು ಎಲ್ಲವನ್ನೂ ಕೆರೆಯೊಳಕ್ಕೆ ಸುರಿಯುತ್ತಿತ್ತು. ನಂಬರು ಸ್ಪಷ್ಟವಾಗಿ ಕಾಣುತ್ತಿತ್ತು.

"ಮುಂದಿನ ವಾರ ಬೆಂಗಳೂರಿನವರು ಬರ್ತಾರೆ. ನೀವು ಹೇಳ್ದಂಗೆ" ಅಂದರು ನಿರೀಕ್ಷಕರು. ಅವರು ಒತ್ತಾಯ ಮಾಡಲಿಲ್ಲ. ಅಧ್ಯಕ್ಷರ ಫೋನೂ ಬರಲಿಲ್ಲ. ನಾನೇ ಪೆನ್ನು ತಗೊಂಡು ಆ ಫೋಟೋದ ಮೇಲೆ ಗೀಟು ಎಳೆದೆ. ಇಷ್ಟು ಜನ ಹೆಂಗಸರ ಕೆಲಸ ಒಂದು ಟ್ರಾಕ್ಟರ್ ಕಸಕ್ಕೆ ಹಾಳಾಗಬಾರದು ಅಂತ ನನಗೆ ನಾನೇ ಹೇಳಿಕೊಂಡೆ.

ಅದರ ಕೆಳಗಿನ ಫೋಟೋದಲ್ಲಿ ದೊಡ್ಡಮ್ಮ ಇದ್ದಳು. ಇನ್ನೂ ಸರಿಯಾಗಿ ಬೆಳಕು ಹರಿಯದ ಹೊತ್ತು. ತಲೆಯ ಮೇಲೆ ಸುತ್ತಿದ ಹಾಸಿಗೆ, ಕಂಕುಳಲ್ಲಿ ದಿಂಬು. ದೊಡ್ಡಪ್ಪ ತೀರಿಕೊಂಡು ಹದಿನೈದು ದಿನವೂ ಆಗಿರಲಿಲ್ಲ. ಸತ್ತವರು ಮಲಗಿದ್ದ ಹಾಸಿಗೆಯನ್ನು ನಮ್ಮಲ್ಲಿ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ, ತಿಥಿ ಆದಮೇಲೆ ಊರಾಚೆ ಹಾಕಿ ಬರುತ್ತಾರೆ. ಹಾಸಿಗೆ, ಮಂಚ ಇಂಥವನ್ನೆಲ್ಲ ಕಸದ ಆಟೋದವರು ತಗೊಳ್ಳಬಾರದು ಅಂತ ನಿಯಮ ಮಾಡಿದ್ದು ನಾವೇ. ಅದಕ್ಕೂ ನನ್ನ ಸಹಿ ಇದೆ.

ಇಷ್ಟೆಲ್ಲ ಗೊತ್ತಿದ್ದೂ ಆ ಫೋಟೋಗೆ ಗೀಟು ಎಳೆಯಲಿಲ್ಲ, ಫ್ಲೆಕ್ಸಿಗೆ ಹಾಕಿ ಅಂತ ಸಹಿ ಮಾಡಿದೆ. ತೆಗೆದರೆ ಪಕ್ಕದ ಮನೆಯವಳನ್ನು ಉಳಿಸಿಕೊಂಡಳು ಅನ್ನುತ್ತಾರೆ ಅನ್ನುವುದು ನಾನು ಆಗ ಕೊಟ್ಟುಕೊಂಡ ಕಾರಣ. ನಿಜವಾದ ಕಾರಣ ಬೇರೆ. ಈಗಷ್ಟೇ ಒಂದು ಗೀಟು ಎಳೆದಿದ್ದೆನಲ್ಲ, ನನ್ನವರನ್ನೇ ಬಿಡದೆ ಹಿಡಿದರೆ ನಾನು ನ್ಯಾಯವಾಗಿದ್ದೇನೆ ಅಂತ ನನಗೆ ಅನಿಸಬೇಕಿತ್ತು. ಅನಿಸಿತು ಕೂಡ. ಅವತ್ತು ಊಟ ಚೆನ್ನಾಗಿಯೇ ಸೇರಿತು.

ಫ್ಲೆಕ್ಸ್ ಕಟ್ಟಿದ ಮೂರನೇ ದಿನ ಪುರಸಭೆಗೆ ಹೋಗುತ್ತಾ ಬಸ್ ಸ್ಟ್ಯಾಂಡಿನಲ್ಲಿ ಹೂ ಕೊಳ್ಳುತ್ತಿದ್ದೆ. ಜಂಗಮಕೋಟೆ ಕಡೆಯ ಬಸ್ಸಿನಿಂದ ದೊಡ್ಡಮ್ಮನ ತಂಗಿ ಇಳಿದಳು. ತಿಥಿಯಲ್ಲಿ ಅವಳನ್ನು ನೋಡಿದ್ದೆ. ನಮ್ಮ ಕಡೆ ಸಾಮಾನ್ಯರ ಮುಖ ಫ್ಲೆಕ್ಸಿಗೆ ಬರುವುದು ಸತ್ತಾಗ. ಬದುಕಿದ್ದಾಗಲೇ ಬರಬೇಕಾದರೆ ಲೀಡರಾಗಿರಬೇಕು. ಆ ಹೆಂಗಸು ತಲೆಯೆತ್ತಿದಳು, ಅಕ್ಕನ ಮುಖ ನೋಡಿದಳು, ಕೈಯಲ್ಲಿದ್ದ ಚೀಲ ಬಿಟ್ಟಳು.

"ಅಯ್ಯೋ ಅಕ್ಕಯ್ಯಾ! ನುವ್ವು ಕೂಡಾ ಪೋತಿವಾ!" ತೆಲುಗಿನಲ್ಲೇ ಕೂಗಿ, ಎದೆ ಬಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು. "ಭಾವ ಹೋಗಿ ತಿಂಗ್ಳಾಗಿಲ್ವಲ್ಲೇ, ನೀನೂ ಹೊರಟೋದ್ಯಲ್ಲೇ! ನಂಗೊಂದು ಮಾತು ಹೇಳಿಕಳಿಸ್ಲಿಲ್ವಲ್ಲೇ!"

ಜನ ಸೇರಿದರು. ಅವಳ ಕಣ್ಣು ನನ್ನ ಮೇಲೆ ಬಿತ್ತು. ಗುರುತು ಹಿಡಿದು ನನ್ನ ಸೆರಗು ಹಿಡಿದಳು. "ನೀನು ಓದ್ದೋಳಲ್ವೇನವ್ವಾ, ಓದವ್ವಾ. ಏನ್ ಬರ್ದವ್ರೆ? ಯಾವತ್ತು ಮಣ್ಣು ಮಾಡಿದ್ರಂತೆ?"

"ದೊಡ್ಡಮ್ಮ ಚೆನ್ನಾಗವ್ಳೆ ಕಣಮ್ಮಾ. ಮನೇಲವ್ಳೆ. ಏಳು."

"ಮತ್ತೆ ಫೋಟೋ ಯಾಕವ್ವಾ ಹಾಕವ್ರೆ?"

ನಾನು ಬರೆದ ಸಾಲು ತಲೆ ಮೇಲೆ ಮೊಳದುದ್ದದ ಅಕ್ಷರದಲ್ಲಿತ್ತು. ನಾನು ಬಗ್ಗಿ ಅವಳ ತೋಳು ಹಿಡಿದು ಎಬ್ಬಿಸಲು ಹೋದೆ. ಕಬ್ಬಿನ ಹಾಲಿನ ಗಾಡಿಯವನು ಅಲ್ಲಿಂದಲೇ ಕೂಗಿದ: "ಸತ್ತಿಲ್ಲಮ್ಮೋ, ಕಸ ಹಾಕವ್ಳೆ! ಊರ ಮಾನ ಕಳ್ದೋರಂತೆ ಇವ್ರೆಲ್ಲಾ!"

ನಾಲ್ಕು ಜನ ನಕ್ಕರು. ತಂಗಿಯ ಅಳು ನಿಂತಿತು. ಅಕ್ಕ ಬದುಕಿದ್ದಾಳೆ ಅನ್ನುವ ಸಂತೋಷ ಮುಖಕ್ಕೆ ಬರುವ ಮೊದಲೇ ನಾಚಿಕೆ ಬಂದಿತ್ತು. ಸೆರಗನ್ನು ತಲೆ ಮೇಲೆ ಎಳೆದುಕೊಂಡು ಚೀಲ ಎತ್ತಿದಳು.

"ಹಿಂಗೆ ಬರ್ದೋರು ಯಾರವ್ವಾ?" ಅಂದಳು.

"ಪುರಸಭೆಯವರು" ಅಂದೆ.

ಸಂಜೆ ದೊಡ್ಡಮ್ಮನ ಮನೆಗೆ ಹೋದೆ. ಅವಳು ಹೊಸಿಲ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಂಗಿ ಒಳಗೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

"ಬಾರೇ, ಕೂತ್ಕೋ."

ನಾನು ನಿಂತೇ ಇದ್ದೆ.

"ಅದಕ್ಕೆ ನಿನ್ ಸಹಿ ಐತಂತೆ. ನಿಜ್ವೇನೇ?"

"ಹೂಂ."

"ಓದಿ ಹಾಕಿದ್ಯೋ, ಓದ್ದೇ ಹಾಕಿದ್ಯೋ?"

ಆ ಒಂದು ಗಳಿಗೆ ನನ್ನ ಹಿಂದೆಯೂ ಒಂದು ಕುರ್ಚಿ ಇದ್ದಿದ್ದರೆ, ಅದರಲ್ಲಿ ಯಾರಾದರೂ ಕೂತಿದ್ದರೆ ಅನಿಸಿತು.

"ಓದೇ ಹಾಕಿದ್ದು, ದೊಡ್ಡಮ್ಮ."

ಕೈಯಲ್ಲಿದ್ದ ಕಾಯನ್ನು ಸುಲಿದು ಮುಗಿಸಿದಳು. "ಮೂರು ದಿನದಿಂದ ಕೇಳ್ದೋರ್ಗೆಲ್ಲಾ ಹೇಳ್ತಿದ್ದೆ. ಪಾಪ, ಆ ಹುಡುಗಿ ನೋಡಿರಲ್ಲ, ಯಾರೋ ಹಂಗೇ ಸಹಿ ಹಾಕುಸ್ಕೊಂಡವ್ರೆ ಅಂತ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಇನ್ನೊಂದು ಕಾಯಿ ಕೈಗೆ ತಗೊಂಡಳು.

"ತೆಗುಸ್ಬಿಡು" ಅಂದಳು. "ನನ್ದೊಂದನ್ನೇ ಕತ್ರಿಸ್ಬೇಡ, ಎಲ್ಲಾರ್ದೂ ತೆಗುಸು. ಅವ್ರ ಮನೆಗೂ ಅಕ್ಕತಂಗೀರು ಬರ್ತಾರೆ."

ನಾನು ಹೊರಟು ಮೆಟ್ಟಿಲಿಳಿದಾಗ ಹಿಂದಿನಿಂದ ಕರೆದಳು. "ಅಲ್ಲಾ ಕಣೇ, ನಾನು ಹಾಸಿಗೆ ಹಾಕ್ದಾಗ ಪಕ್ಕದಲ್ಲೇ ಗಾರ್ಮೆಂಟ್ಸ್ ಟ್ರಾಕ್ಟ್ರು ಸುರೀತಿತ್ತು. ಹಾಸಿಗೆ ಕಂಡ ಕ್ಯಾಮೆರಾಗೆ ಟ್ರಾಕ್ಟ್ರು ಕಾಣ್ಲಿಲ್ವಾ?"

"ಕತ್ತಲಿತ್ತೇನೋ ದೊಡ್ಡಮ್ಮ, ಗೊತ್ತಿಲ್ಲ" ಅಂದೆ.

ಅವಳು "ಓ" ಅಂದಳು. ನಂಬಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಾರನೇ ದಿನ ಬೆಳಗ್ಗೆ ಫ್ಲೆಕ್ಸ್ ಬಿಚ್ಚಿ ಮಡಿಸುವವರೆಗೂ ನಾನು ಅದರ ಕೆಳಗೇ ನಿಂತಿದ್ದೆ. ಅಧ್ಯಕ್ಷರು ಕೇಳಿದ್ದಕ್ಕೆ, "ಜನ ತಪ್ಪು ತಿಳ್ಕೋತಿದಾರೆ" ಅಂದೆ. ಹಾಸಿಗೆ, ಮಂಚಗಳಿಗೆ ವಾರಕ್ಕೊಂದು ಸಲ ಗಾಡಿ ಕಳಿಸುವ ನಿಯಮ ಮಾಡಿಸಿದೆ. ಅದು ಸುಲಭವಾಗಿ ಆಯಿತು. ಮೊದಲೇ ಮಾಡಿದ್ದರೂ ಅಷ್ಟೇ ಸುಲಭವಾಗಿ ಆಗುತ್ತಿತ್ತು.

ಬೆಂಗಳೂರಿನವರು ಬಂದು ನೋಡಿ ಒಪ್ಪಿದರು. ಮುಂದಿನ ಸಭೆಯಲ್ಲಿ ಗಾರ್ಮೆಂಟ್ಸಿಗೆ ರಸ್ತೆ ಮಾಡಿಕೊಡುವ ವಿಷಯ ಬಂತು. ಟ್ರಾಕ್ಟರಿನ ವಿಷಯ ಹೇಳಿಬಿಡಬೇಕು ಅಂತ ಮನೆಯಿಂದಲೇ ನಿರ್ಧಾರ ಮಾಡಿಕೊಂಡು ಬಂದಿದ್ದೆ. ಎದ್ದು ನಿಂತೆ. ಕಿಟಕಿಯಾಚೆ ನಮ್ಮ ವಾರ್ಡಿನ ಹೆಂಗಸರು ಅರ್ಜಿ ಹಿಡಿದು ಕಾಯುತ್ತಿದ್ದರು. ದೊಡ್ಡಮ್ಮನ ಮಗಳೂ ಅವರಲ್ಲಿದ್ದಳು. ಅಪ್ಪ ಹೋದಮೇಲೆ ಅಮ್ಮನ ಜೊತೆ ಇರಲು ಗೌರಿಬಿದನೂರಿನಿಂದ ಬಂದಿದ್ದವಳು.

"ಹೇಳಿ ಮೇಡಂ" ಅಂದರು ಅಧ್ಯಕ್ಷರು.

"ಒಪ್ಪಿಗೆ ಇದೆ" ಅಂದು ಕೂತೆ.

ಈಗ ಆ ಮಗಳು ಅಲ್ಲೇ ಹೊಲಿಯುತ್ತಾಳೆ. ಸಂಬಳದ ದಿನ ನಮ್ಮ ಮನೆಗೂ ಜಿಲೇಬಿ ಬರುತ್ತದೆ. ಊರು ಬೆಳೆದಿದ್ದು ಸುಳ್ಳಲ್ಲ. ಟ್ರಾಕ್ಟರು ಈಗ ಆ ಕೆರೆಗೆ ಬರುವುದಿಲ್ಲ, ಕ್ಯಾಮೆರಾ ಇಲ್ಲದ ಇನ್ನೊಂದು ಕೆರೆಗೆ ಹೋಗುತ್ತದೆ ಅಂತ ಕೇಳಿದ್ದೇನೆ. ಹೋಗಿ ನೋಡಿಲ್ಲ.

ದೊಡ್ಡಮ್ಮ ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ಅವಳಿಗೆ ಓದಲು ಬರುವುದಿಲ್ಲ; ನಾನು ಪತ್ರಿಕೆಗೆ ಬರೆದದ್ದು ಅಚ್ಚಾದರೆ ಓದಿ ಹೇಳು ಅಂತ ಯಾವಾಗಲೂ ಅನ್ನುತ್ತಾಳೆ. ಇದನ್ನೂ ಕೇಳುತ್ತಾಳೆ. ಟ್ರಾಕ್ಟರಿನ ಫೋಟೋಗೆ ನಾನು ಗೀಟು ಎಳೆದ ಭಾಗವನ್ನು ಹಾರಿಸಿ ಓದಿದರೆ ಅವಳಿಗೆ ತಿಳಿಯುವುದಿಲ್ಲ. ಮಗಳಿಗೆ ಓದಲು ಬರುತ್ತದೆ. ಆದ್ದರಿಂದ ಮಗಳು ಮನೆಯಲ್ಲಿರುವ ಭಾನುವಾರವೇ ಹೋಗಬೇಕು ಅಂದುಕೊಂಡಿದ್ದೇನೆ.