ಓಹಾಯೊವನ್ನು ಕೈಬಿಟ್ಟ ಶನಿವಾರ

ಜೆರಾಲ್ಡಿನ್ ಹುಡಾಕ್‌ಳಿಗೆ ಪಕ್ಷವೆಂದರೆ ತವರುಮನೆ ಇದ್ದ ಹಾಗೆ. ಬೈಯುವುದಿದ್ದರೆ ಒಳಗೇ ಬೈಯಬೇಕು, ಹೊರಗಿನವರು ಒಂದು ಮಾತಾಡಿದರೆ ಜಗಳಕ್ಕೆ ನಿಲ್ಲಬೇಕು. ಅವಳಪ್ಪ ಉಕ್ಕಿನ ಕುಲುಮೆಯಲ್ಲಿ ಬೆಂದವನು. ಅವನ ಕಾಲಕ್ಕೆ ಅಮೆರಿಕದ ಓಹಾಯೊ ರಾಜ್ಯದ ಈ ಕಣಿವೆಯಲ್ಲಿ ಮಗು ಹುಟ್ಟಿದರೆ ಮೊದಲು ಪಾದ್ರಿಗೆ, ಆಮೇಲೆ ಪಕ್ಷಕ್ಕೆ ಒಪ್ಪಿಸುತ್ತಿದ್ದರು. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿ ಬಡಿಸಿ ನಿವೃತ್ತಳಾದ ಜೆರಾಲ್ಡಿನ್, ಎಲ್ಲರ ಬಾಯಲ್ಲಿ ಜೆರಿ, ಚುನಾವಣೆ ಬಂತೆಂದರೆ ಬೀದಿ ಬೀದಿ ಅಲೆದು ಬಾಗಿಲು ತಟ್ಟುವಳು. ನಾಯಿ ಕಚ್ಚಿಸಿಕೊಂಡದ್ದೂ ಉಂಟು, ಆ ನಾಯಿಯ ಯಜಮಾನನಿಂದಲೇ ವೋಟು ಹಾಕಿಸಿದ್ದೂ ಉಂಟು.

ಆಗೆಲ್ಲ ಓಹಾಯೊ ಗೆದ್ದವನೇ ಅಧ್ಯಕ್ಷ ಎಂಬ ಮಾತಿತ್ತು. ಎಂತೆಂಥ ಮುಖಂಡರು ಇವರ ಚರ್ಚಿನಲ್ಲಿ ಶುಕ್ರವಾರ ಬಡಿಸುವ ಕಡುಬಿನಂಥ ಪಿರೋಗಿಗೆ ತಟ್ಟೆ ಹಿಡಿದು ಸಾಲಲ್ಲಿ ನಿಂತದ್ದನ್ನು ಜೆರಿ ಕಣ್ಣಾರೆ ಕಂಡಿದ್ದಳು. ಆಮೇಲೆ ಪಕ್ಷ ಇಲ್ಲಿ ಒಂದು ಸಲ ಸೋತಿತು, ಮತ್ತೊಂದು ಸಲ ಸೋತಿತು, ಬರುವವರು ಕಡಿಮೆಯಾದರು. ಅಲ್ಲ, ಕಷ್ಟ ಬಂದ ಮನೆಗಲ್ಲವೇ ನೆಂಟರು ಮೊದಲು ಬರಬೇಕಾದದ್ದು? ರಾಜಕೀಯದಲ್ಲಿ ಹಾಗಿಲ್ಲ. ಆ ಕಡೆಯೋ ಈ ಕಡೆಯೋ ಎಂದು ತೂಗಾಡುವ ರಾಜ್ಯಕ್ಕೆ ರಾಜೋಪಚಾರ. ಗೆದ್ದೇ ಗೆಲ್ಲುವ ರಾಜ್ಯಕ್ಕೂ ಸೋತೇ ಸೋಲುವ ರಾಜ್ಯಕ್ಕೂ ಒಂದು ಲೋಟ ನೀರೂ ಇಲ್ಲ. ಪಕ್ಕದ ಪೆನ್ಸಿಲ್ವೇನಿಯ ಈಗ ತೂಗಾಡುತ್ತಿತ್ತು. ಅದರ ಗಡಿ ಜೆರಿಯ ಮನೆಯಿಂದ ಕೂಗಳತೆ ದೂರ ಎನ್ನಬಹುದು.

ಎದುರು ಮನೆಯ ಓಡೆಸ್ಸಾ ಟಿಬ್ಸ್, ಕಾರು ತಯಾರಿಸುವ ಕಾರ್ಖಾನೆಯಲ್ಲಿ ದುಡಿದವಳು. ಕಾರ್ಖಾನೆ ಮುಚ್ಚಿದಾಗ ಪಕ್ಷದವರು ಬಂದು ಕಣ್ಣೊರೆಸುವ ಭಾಷಣ ಮಾಡಿ ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅಂದಿನಿಂದ ಓಡೆಸ್ಸಾ ವೋಟು ಹಾಕುವುದನ್ನೇ ಬಿಟ್ಟಳು. ಅವಳು ಹೊರಟರೆ ಇಡೀ ಬೀದಿ ಹೊರಡುತ್ತದೆ, ಅವಳು ಕೂತರೆ ಬೀದಿಯೂ ಕೂರುತ್ತದೆ. ಜೆರಿಯ ಗಂಡನಿಗೆ ಎದೆಯ ಆಪರೇಷನ್ ಆದಾಗ ಮನೆಗೆಲ್ಲ ಬೇಯಿಸಿ ಹಾಕಿದವಳು ಇವಳೇ. ಇಬ್ಬರೂ ಆಡದ ವಿಷಯವಿರಲಿಲ್ಲ, ವೋಟಿನದೊಂದು ಬಿಟ್ಟು.

ಸೆಪ್ಟೆಂಬರಿನಲ್ಲಿ ಡ್ಯಾರೆನ್ ಫೋನು ಮಾಡಿದ. ಜೆರಿಯ ಅಣ್ಣನ ಮಗ. ಬಾಗಿಲು ಹೇಗೆ ತಟ್ಟಬೇಕು, ತೆರೆದವರ ಕೈ ಹೇಗೆ ಹಿಡಿಯಬೇಕು ಎಂದು ಅವನಿಗೆ ಕಲಿಸಿದವಳೇ ಈ ಅತ್ತೆ. ಈಗ ಅವನು ರಾಜಧಾನಿಯಲ್ಲಿ ಕೂತು ಇಡೀ ರಾಜ್ಯದಲ್ಲಿ ಪಕ್ಷದ ಚುನಾವಣೆ ನೋಡಿಕೊಳ್ಳುವ ದೊಡ್ಡ ಮನುಷ್ಯ.

"ಅತ್ತೆ, ಪಕ್ಷ ಓಹಾಯೊನ ಇನ್ನೂ ಕೈ ಬಿಟ್ಟಿಲ್ಲ. ಅಕ್ಟೋಬರಲ್ಲಿ ಅಧ್ಯಕ್ಷ ಅಭ್ಯರ್ಥಿನೇ ನಿಮ್ಮ ಕಾರ್ಮಿಕ ಸಂಘದ ಹಾಲಿಗೆ ಬರ್ತಾರೆ. ಹಾಲ್ ತುಂಬಿಸೋದು ನಿನ್ನ ಜವಾಬ್ದಾರಿ."

ಜೆರಿ ಫೋನಿಟ್ಟವಳೇ ಮನೆಯೊಳಗಿನ ಚಪ್ಪಲಿಯಲ್ಲೇ ರಸ್ತೆ ದಾಟಿದಳು. ಓಡೆಸ್ಸಾ ಎಲ್ಲ ಕೇಳಿಸಿಕೊಂಡಳು.

"ಮೂಗಿಗೆ ತುಪ್ಪ ಸವರ್ತಿದಾರೆ ಕಣೇ."

"ಡ್ಯಾರೆನ್ ಹೇಳಿದಾನೆ. ನಮ್ಮ ಮನೆ ಹುಡುಗ."

"ನಾನು ಹೊರಟ್ರೆ ಆ ಮೂಲೆಮನೆಯವರೂ ಹೊರಡ್ತಾರೆ. ಮಾತು ಸುಳ್ಳಾದ್ರೆ ನನ್ನ ಮುಖಕ್ಕೆ ಉಗೀತಾರೆ. ಇದು ಯಾರ ಮಾತು? ಅವನದ್ದಾ, ನಿನ್ನದ್ದಾ?"

"ನನ್ನದು," ಎಂದಳು ಜೆರಿ.

"ಹಂಗಾದ್ರೆ ಬರ್ತೀನಿ. ಬೀದಿನೂ ಕರ್ಕೊಂಡು ಬರ್ತೀನಿ."

ಜೆರಿಗೆ ತಡೆಯಲಾರದ ಹಿಗ್ಗು. ಆ ಹಿಗ್ಗಿನಲ್ಲಿ ಕುಕೀ ಮೇಜು ಹಾಕೋಣ ಎಂದುಬಿಟ್ಟಳು. ಈ ಕಣಿವೆಯಲ್ಲಿ ಅದು ಮದುವೆಗೆ ಮಾತ್ರ ಹಾಕುವಂಥದ್ದು. ಎರಡೂ ಕಡೆಯ ಹೆಂಗಸರು ವಾರಗಟ್ಟಲೆ ಬೇಯಿಸಿ ಮೇಜಿನ ಮೇಲೆ ರಾಶಿ ಹಾಕುತ್ತಾರೆ. ಕೇಕು ಕೆಟ್ಟರೂ ಪರವಾಗಿಲ್ಲ, ಮೇಜು ಬಡವಾಗಬಾರದು. ರಾಜಕಾರಣಿಗೆ ಕುಕೀ ಮೇಜು ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. "ಬೀಗರು ಬರ್ತಾರೇನೇ? ಹುಡುಗ ಒಪ್ಪಿದ್ನಾ?" ಎಂದು ಓಡೆಸ್ಸಾ ನಗಾಡಿದಳು. ನಗಾಡುತ್ತಲೇ ತಾನೂ ಹಿಟ್ಟು ಕಲಸಿದಳು. ಬೀದಿಯ ಒಲೆಗಳೆಲ್ಲ ಹೊತ್ತಿಕೊಂಡವು.

ಆ ಶನಿವಾರ ಬೆಳಿಗ್ಗೆ ಹಾಲಿನ ಉದ್ದಕ್ಕೂ ಬಿಳಿ ಬಟ್ಟೆಯ ಮೇಲೆ ಕುಕೀಗಳು: ಒಳಗೆ ಏಪ್ರಿಕಾಟ್ ಇಟ್ಟು ಮಡಿಚಿದವು, ಆಕ್ರೋಟು ತುಂಬಿದವು, ಜಾಲರಿಯಂಥ ಇಟಲಿಯವು. ಎಷ್ಟೋ ವರ್ಷದಿಂದ ಪಕ್ಷದ ಹೆಸರೆತ್ತದವರೂ ಚರ್ಚಿನ ಬಟ್ಟೆ ತೊಟ್ಟು ಬಂದಿದ್ದರು. ಡ್ಯಾರೆನ್ ಬಂದ. ಅವನ ಹಿಂದೆ ಎರಡು ಖಾಲಿ ಬಸ್ಸುಗಳು ಬಂದು ನಿಂತವು.

"ಸ್ವಲ್ಪ ಬದಲಾವಣೆ ಆಗಿದೆ," ಎಂದ ಅವನು ಕೈ ಉಜ್ಜುತ್ತಾ. "ಸಭೆ ಗಡಿ ಆಚೆ, ಪೆನ್ಸಿಲ್ವೇನಿಯದಲ್ಲಿ. ಎಲ್ಲಾರೂ ಬಸ್ ಹತ್ತಿ. ಸಭೆ ಮುಗಿದ ಮೇಲೆ ಅಲ್ಲೇ ನಾಲ್ಕು ಬೀದಿ ಬಾಗಿಲು ತಟ್ಟೋಣ. ಆ ರಾಜ್ಯ ಹೋದ್ರೆ ಎಲ್ಲಾ ಹೋದಂಗೆ. ಕುಕೀನೂ ತಗೊಂಬನ್ನಿ, ಅಲ್ಲಿಯವರಿಗೆ ಹಂಚಬಹುದು."



"ಯಾವಾಗ ಬದಲಾಯ್ತೋ?" ಎಂದಳು ಜೆರಿ.

"ಅದು... ಮೇಲಿನವರು..."

"ಯಾವಾಗ ಅಂದೆ."

"ಅತ್ತೆ, ಇಲ್ಲಿ ಸಭೆ ಅಂತ ಯಾವತ್ತೂ ಇರ್ಲಿಲ್ಲ. ಆಗಸ್ಟಲ್ಲೇ ಓಹಾಯೊ ಬಿಟ್ಟಾಯ್ತು. ಹಂಗಂತ ಹೇಳಿದ್ರೆ ಇಷ್ಟು ಜನ ಬರ್ತಿದ್ರಾ? ನೀನೇ ಹೇಳು."

"ನನ್ನ ಕೈಲಿ ಸುಳ್ಳು ಹೇಳಿಸಿದ್ಯಲ್ಲೋ."

"ನಿನ್ನ ಮಾತಾದ್ರೆ ಬರ್ತಾರೆ, ನನ್ನ ಮಾತಿಗೆ ಬರಲ್ಲ. ಬೇಜಾರಾಗಬೇಡ. ನೀವೆಲ್ಲ ಹೆಂಗೂ ನಮಗೇ ಹಾಕೋರು. ಬಿಟ್ಟು ಎಲ್ಲಿಗೆ ಹೋಗ್ತೀರಾ?"

ಇದನ್ನು ಅವನು ಕೆಟ್ಟತನದಿಂದ ಹೇಳಲಿಲ್ಲ. ಜೆರಿಗೆ ಸಿಟ್ಟು ಬಂದದ್ದೂ ಅದಕ್ಕೇ. ಹತ್ತಿದ ಏಣಿ ಒದೆಯುವವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಇವನು ಏಣಿಯನ್ನು ಹೆಗಲ ಮೇಲೆ ಹೊತ್ತು ಪಕ್ಕದ ಮನೆಗೆ ಕೊಂಡೊಯ್ಯಲು ಬಂದಿದ್ದ. ಪಕ್ಷ ಸೋಲಲಿ, ಸಹಿಸುತ್ತಿದ್ದಳು. ಓಹಾಯೊ ಬೇಡ ಎಂದು ಮುಖದ ಮೇಲೆ ಹೇಳಿದ್ದರೆ ಅತ್ತು ಸುಮ್ಮನಾಗುತ್ತಿದ್ದಳು. ಇವನು ಅವಳ ಬಾಯಿಯನ್ನೇ ಕದ್ದು ಬಳಸಿದ್ದ.

"ಒಂದು ಕುಕೀನೂ ಬಸ್ ಹತ್ತಲ್ಲ," ಎಂದಳು. "ಜನ ಹತ್ತೋದು ಬಿಡೋದು ಅವರಿಷ್ಟ."

ಕೆಲವರು ಹತ್ತಿದರು. ಬಟ್ಟೆ ತೊಟ್ಟು ಬಂದಾಗಿದೆ, ಅಭ್ಯರ್ಥಿಯನ್ನಾದರೂ ನೋಡಿಬಿಡೋಣ ಎಂದು. ಓಡೆಸ್ಸಾ ತನ್ನ ಡಬ್ಬಿಗೆ ಮುಚ್ಚಳ ಹಾಕಿದಳು, ಜೆರಿಯ ಕಡೆ ನೋಡದೆ ಮನೆಗೆ ನಡೆದಳು. ಮೂಲೆಮನೆಯವರು ಅವಳ ಹಿಂದೆ ಏನೋ ಅಂದು ನಕ್ಕರು. ಅದು ಜೆರಿಗೂ ಕೇಳಿಸಿತು.

ಭಾನುವಾರ ಪ್ರಾರ್ಥನೆ ಮುಗಿಸಿ ಜೆರಿ ಎದುರು ಮನೆಯ ಬಾಗಿಲು ತಟ್ಟಿದಳು.  ಓಡೆಸ್ಸಾ ತೆರೆದಳು, ಒಳಗೆ ಕರೆದಳು, ಕಾಫಿ ಬಗ್ಗಿಸಿಕೊಟ್ಟಳು.

"ನಂಗೆ ಗೊತ್ತಿರ್ಲಿಲ್ಲ ಕಣೇ. ದೇವರಾಣೆ."

"ಗೊತ್ತಿರ್ಲಿಲ್ಲ ಅಂತ ನಂಗೂ ಗೊತ್ತು. ಅವನ ಮೇಲೆ ನಂಗೇನೂ ಸಿಟ್ಟಿಲ್ಲ. ಅವನನ್ನ ನಾನು ನಂಬಿದ್ರೆ ತಾನೇ?"

ಜೆರಿ ತಲೆ ತಗ್ಗಿಸಿದಳು. ಕ್ಷಮಿಸು ಎನ್ನಲು ಬಾಯಿ ತೆರೆದಳು.

"ಬೇಡ, ಕುಡಿ," ಎಂದಳು ಓಡೆಸ್ಸಾ. "ಕಾಫಿಗೆ ದಿನಾ ಬಾ. ಕಾಯಿಲೆ ಅಂದ್ರೆ ನಡುರಾತ್ರೀಲಿ ಬಾ, ಬೇಡ ಅನ್ನಲ್ಲ. ವೋಟು ಅಂತ ಮಾತ್ರ ಇನ್ನು ಈ ಬಾಗಿಲಿಗೆ ಬರಬೇಡ. ನೀನು ಹೇಳಿದ್ರೂ ನಂಬಲ್ಲ."

ಜೆರಿ ಆಗಲಿ ಎಂದಳು. ಕಾಫಿ ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಮನೆಗೆ ಹೋದಳು.